ನೂರ ತೊಂಬತ್ತೊಂಬತ್ತರ ಆಚೆಗೆ

ಹಾಸ್ಟೆಲ್, ಮೂರನೇ ಮಹಡಿ
ಜನವರಿ 12

ಗುಂಡೂ,

ಮೊದಲು ಸಾರಿ. ಪತ್ರ ಬರೆದದ್ದಕ್ಕೇ ಸಾರಿ. ಬರೆಯಬೇಡ ಎಂದು ನೀನು ಬಾಯಿಬಿಟ್ಟು ಹೇಳಿಲ್ಲ. ಆದರೆ ಮೆಸೇಜಿಗೆ ಒಂದೇ ಟಿಕ್ಕು ಬೀಳುತ್ತಿದೆ, ಫೋನು ಸ್ವಿಚ್ ಆಫ್. ಅದರ ಅರ್ಥ ತಿಳಿಯದಷ್ಟು ದಡ್ಡಿಯಲ್ಲ ನಾನು. ಆದರೂ ಬರೆಯುತ್ತಿದ್ದೇನೆ. ಹಾಳೆಯನ್ನು ಸ್ವಿಚ್ ಆಫ್ ಮಾಡಲು ಬರುವುದಿಲ್ಲ ನೋಡು. ಹರಿದು ಹಾಕಬಹುದು, ಅಷ್ಟೇ. ಹರಿಯುವ ಮೊದಲು ಒಂದು ಸಲ ಓದಿಬಿಡು.

ನನಗೆ ಪತ್ರ ಬರೆಯಲು ಬರುವುದಿಲ್ಲ, ನಿನಗೆ ಗೊತ್ತು. ಸ್ಕೂಲ್ ಹಾಸ್ಟೆಲಿನಲ್ಲಿ ಭಾನುವಾರ ವಾರ್ಡನ್ ಬೋರ್ಡಿನ ಮೇಲೆ ಬರೆದದ್ದನ್ನು ಕಾಪಿ ಮಾಡಿ ಮನೆಗೆ ಕಳಿಸುತ್ತಿದ್ದೆವಲ್ಲ, 'ನಾನು ಕ್ಷೇಮ, ಊಟ ಚೆನ್ನಾಗಿದೆ' ಎಂದು. ನೀನು ಒಂದು ಸಲ ಬರೀ 'ಊಟ ಇದೆ' ಎಂದು ಬರೆದು ಏಟು ತಿಂದೆ. ಯಾರೂ ಓದಿ ನೋಡಿ ಸಹಿ ಹಾಕದ ಮೊದಲನೇ ಪತ್ರ ಇದು. ಅದಕ್ಕೇ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ.

ಅವತ್ತು ಏನಾಯಿತು ಎಂದು ನಿನಗೆ ಹೇಳಬೇಕಾಗಿಲ್ಲ. ಆದರೆ ನನ್ನ ತಲೆಯಲ್ಲಿ ಅದು ಒಂದು ಸಾಲಾಗಿ ನಿಲ್ಲುತ್ತಿಲ್ಲ. ಬರೆದರೆ ನಿಲ್ಲುತ್ತದೇನೋ.

ಕ್ಲಾಸು ಶುರುವಾದ ಮೊದಲ ವಾರವೇ ಶೇಷ ಮೇಷ್ಟ್ರು ಇಬ್ಬಿಬ್ಬರಿಗೆ ಒಂದೊಂದು ದೊಡ್ಡ ನಂಬರು ಹಂಚಿದರು. ಕಾರಿಡಾರಿನಲ್ಲಿ ಎದುರು ಸಿಕ್ಕವರಿಗೆಲ್ಲ ನಮಸ್ಕಾರದ ಬದಲು 'ಶೇಷ ಎಷ್ಟು?' ಎಂದು ಕೇಳುವ ಮನುಷ್ಯ. 'ಫೋನಿಗೆ ಕೇಳಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಹೇಳುತ್ತೆ. ನನಗೆ ಫೋನಿನ ಪರಿಚಯ ಬೇಕಾಗಿಲ್ಲ. ಪೆನ್ನು, ಪೇಪರು, ನಿಮ್ಮ ತಲೆ. ಅದು ಅವಿಭಾಜ್ಯವೋ, ಒಡೆಯುತ್ತೋ, ಒಡೆದ್ರೆ ಯಾವುದರಿಂದ, ಯಾವ ಗುಂಪಿಗೆ ಸೇರಿದ್ದು, ಎಲ್ಲ ತಿಳ್ಕೊಂಡು ಬಂದು ಬೋರ್ಡಿನ ಮುಂದೆ ನಿಲ್ಲಿ' ಎಂದರು. ನಮ್ಮ ಪಾಲಿಗೆ ಬಂದದ್ದು 5,60,52,361. ಐದು ಕೋಟಿ ಅರವತ್ತು ಲಕ್ಷ ಐವತ್ತೆರಡು ಸಾವಿರದ ಮುನ್ನೂರ ಅರವತ್ತೊಂದು. ನೀನು ಅದನ್ನು ಮೊದಲ ಸಲ ಜೋರಾಗಿ ಓದಿ, 'ಅಯ್ಯೋ, ಓದೋವಷ್ಟರಲ್ಲೇ ಹಸಿವಾಯ್ತು' ಎಂದೆ.

ನೀನು ಭಾಗಿಸಲು ಕೂತೆ. ಮೂರರಿಂದ ಹೋಗುವುದಿಲ್ಲ, ಏಳರಿಂದ ಹೋಗುವುದಿಲ್ಲ, ಹನ್ನೊಂದು, ಹದಿಮೂರು... ಅವಿಭಾಜ್ಯಗಳ ಪಟ್ಟಿ ಹಿಡಿದು ಒಂದೊಂದಾಗಿ, ಅವಸರವಿಲ್ಲದೆ, ಬಟ್ಟೆ ಮಡಿಸಿ ಇಡುವ ಹಾಗೆ. ನೂರ ತೊಂಬತ್ತೊಂಬತ್ತಕ್ಕೆ ಬಂದಾಗ ಶೇಷ ಮೂವತ್ತೊಂದು ಉಳಿಯಿತು. ಅಷ್ಟು ಹೊತ್ತಿಗೆ ನಾನು ಲೈಬ್ರರಿಯಿಂದ ಒಂದು ಶಾರ್ಟ್‌ಕಟ್ ತಂದಿದ್ದೆ. ಎರಡನ್ನು ಅದರಿಂದಲೇ ಐದೂವರೆ ಕೋಟಿಗೂ ಮೀರಿ ಸಲ ಗುಣಿಸಿ, ಅಂದರೆ ನಮ್ಮ ನಂಬರಿಗಿಂತ ಒಂದು ಕಡಿಮೆ ಸಲ, ನಮ್ಮ ನಂಬರಿನಿಂದ ಭಾಗಿಸಿದರೆ ಶೇಷ ಒಂದೇ ಉಳಿಯಬೇಕು, ಉಳಿದರೆ ಅವಿಭಾಜ್ಯ. ವರ್ಗದ ಮೇಲೆ ವರ್ಗ ಮಾಡುತ್ತ ಹೋದರೆ ಕೈಯಲ್ಲೇ ಮಾಡಬಹುದು. ಮಾಡಿದೆ. ಒಂದು ಉಳಿಯಿತು. ಮೂರನ್ನಿಟ್ಟು ಮಾಡಿದೆ, ಐದನ್ನಿಟ್ಟು ಮಾಡಿದೆ. ಒಂದು, ಒಂದು. 'ಇನ್ನೂರಕ್ಕೆ ಬಂದ್ಯಲ್ಲ, ಸಾಕು ಬಿಡೇ' ಎಂದು ನಿನ್ನ ಪೆನ್ನಿಗೆ ಕ್ಯಾಪು ಹಾಕಿದ್ದು ನಾನು. 'ಇನ್ನೊಂದೇ ಒಂದು ಮಾಡ್ತೀನಿ ಇರೇ' ಎಂದೆ ನೀನು.

ಆ ಇನ್ನೊಂದು ಯಾವುದು ಎಂದು ಈಗ ಇಡೀ ಕಾಲೇಜಿಗೆ ಗೊತ್ತು.

ಬೋರ್ಡಿನ ಹತ್ತಿರ ಹೋಗಲು ನನಗೆ ಕೈಕಾಲು ನಡುಗುತ್ತದೆ ಎಂದು ನೀನು ಹೋದೆ. ನೀನು 'ಇದು ಅವಿಭಾಜ್ಯ ಸರ್' ಎಂದದ್ದೇ ತಡ, ಹಿಂದಿನ ಬೆಂಚಿನಿಂದ ಲಂಬು ಎದ್ದು, 'ಇನ್ನೂರ ಹನ್ನೊಂದರಿಂದ ಹೋಗುತ್ತೆ ಸರ್' ಎಂದ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಮೇಷ್ಟ್ರು ನಗಲಿಲ್ಲ. 'ಅವಿಭಾಜ್ಯ ಆದ್ರೆ ಶೇಷ ಒಂದು, ಸರಿ. ಶೇಷ ಒಂದಾದ್ರೆ ಅವಿಭಾಜ್ಯ ಅಂತ ಯಾರು ಹೇಳಿದ್ರಮ್ಮ? ಬೆಕ್ಕಿಗೆ ನಾಲ್ಕು ಕಾಲಿದೆ. ಈ ಮೇಜಿಗೂ ಇದೆ. ಹಾಲು ಹಾಕ್ತೀಯಾ ಇದಕ್ಕೆ?' ಎಂದರು. ಆಮೇಲೆ, 'ಇದು ಯಾರ ಐಡಿಯಾ?' ಎಂದು ಕೇಳಿದರು.

ನಾನು ಬೆಂಚಿನ ಮೇಲೆ ಯಾರೋ ಕೊರೆದಿದ್ದ ಬಾಣ ಹೊಕ್ಕ ಹೃದಯವನ್ನು ನೋಡುತ್ತಿದ್ದೆ.

'ನಂದೇ ಸರ್' ಎಂದೆ ನೀನು.

ಇದರ ಬಗ್ಗೆ ಇನ್ನೂ ಬರೆಯಬೇಕು, ಆದರೆ ಇವತ್ತು ಆಗುತ್ತಿಲ್ಲ. ವಿಷಯಕ್ಕೆ ಬರುತ್ತೇನೆ. ನೀನು ಊರಿಗೆ ಹೋದ ಮೇಲೆ ಮೇಷ್ಟ್ರು ನನ್ನನ್ನು ರೂಮಿಗೆ ಕರೆದರು. 'ಎಲ್ಲಿ ನಿನ್ನ ಜೋಡಿ? ಕರ್ಕೊಂಡು ಬಾ. ಮಾರ್ಚ್ ಮೊದಲ ಸೋಮವಾರ ಇಬ್ರೂ ಇನ್ನೊಂದು ಸಲ ನಿಲ್ಲಿ. ಒಬ್ಬಳೇ ಬಂದ್ರೆ ಬೋರ್ಡು ಕೊಡಲ್ಲ' ಎಂದರು. ನಿಲ್ಲದಿದ್ದರೆ ಇಬ್ಬರಿಗೂ ಇದೇ ವರ್ಷ ಇನ್ನೊಂದು ಸಲ, ಮತ್ತು ವರ್ಷ ಕಳೆದುಕೊಂಡವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ. ನನಗೆ ಹಾಸ್ಟೆಲ್ ಬಿಟ್ಟರೆ ಮನೆ ಎಲ್ಲಿದೆ ಗುಂಡೂ? ಅಪ್ಪ ಕಂಪನಿ ಕಳಿಸಿದ ಕಡೆ ಇರುತ್ತಾರೆ, ಅಮ್ಮ ಫೋಟೋದಲ್ಲಿ. ರಜೆಗೆಂದು ನಾನು ಹೋಗಿರುವುದು ನಿಮ್ಮ ಲಾಂಡ್ರಿಯ ಮೇಲಿನ ರೂಮಿಗೆ ಮಾತ್ರ.

ಬಾ. ಬಂದು ನನ್ನನ್ನು ಬೈಯಾದರೂ ಬೈ.

ನಿನ್ನ
ಕಡ್ಡಿ


ಹಾಸ್ಟೆಲ್
ಜನವರಿ 30

ಗುಂಡೂ,

ಹೋದ ಪತ್ರ ತಲುಪಿತೇ? ಪೋಸ್ಟಿನವರದ್ದೇ ತಪ್ಪು ಎಂದುಕೊಂಡಿದ್ದೇನೆ. ಹಾಗೆ ಅಂದುಕೊಂಡರೆ ಊಟ ಸೇರುತ್ತದೆ.

ನಿನ್ನ ಮಂಚದ ಮೇಲೆ ಯಾರನ್ನೂ ಮಲಗಲು ಬಿಟ್ಟಿಲ್ಲ. ಪಕ್ಕದ ರೂಮಿನ ಬಾಟನಿಯವಳು ಒಣಗಿದ ಎಲೆಗಳ ಕಟ್ಟನ್ನು ತಂದು ಹಾಕಿದ್ದಳು. 'ಇದು ರಿಸರ್ವ್' ಎಂದೆ. 'ಯಾರಿಗೆ, ಇನ್ನೂರ ಹನ್ನೊಂದಕ್ಕಾ?' ಎಂದಳು. ಎಲೆಗಳನ್ನು ಕಾರಿಡಾರಿನಲ್ಲಿ ಇಟ್ಟೆ. ಎಸೆದೆ ಎಂದು ವಾರ್ಡನ್‌ಗೆ ದೂರು ಹೋಗಿದೆ. ಎಸೆದೆ ಅಂತಲೇ ಇಟ್ಟುಕೋ.

ನಮ್ಮ ನಂಬರಿನ ಬಗ್ಗೆ ಈಗ ಎಲ್ಲ ಗೊತ್ತಾಗಿದೆ. ಹೇಳಿದರೆ ನಿನಗೆ ಓದಬೇಕೆನಿಸಬಹುದು ಎಂಬ ಆಸೆ. ಅದು 211, 421, 631 ಈ ಮೂರರ ಗುಣಲಬ್ಧ. ಮೂರನ್ನೂ ಒಂದರ ಕೆಳಗೆ ಒಂದು ಬರೆದು ನೋಡು. ಇನ್ನೂರ ಹತ್ತಕ್ಕೆ ಒಂದು ಕೂಡಿಸು, ಅದರ ಎರಡರಷ್ಟಕ್ಕೆ ಒಂದು, ಮೂರರಷ್ಟಕ್ಕೆ ಒಂದು. ಮೂವರು ಅಕ್ಕತಂಗಿಯರು ಎತ್ತರದ ಪ್ರಕಾರ ನಿಂತ ಹಾಗಿದೆ. ಇಷ್ಟು ಚೆಂದದ್ದು ಒಳಗೆ ಇತ್ತು, ನಾವು ಹೊರಗೇ ಮುಟ್ಟಿ ನೋಡಿ ಬಂದೆವು.

ಅದು ಕೊರತೆಯ ಸಂಖ್ಯೆ. ತನ್ನನ್ನು ಭಾಗಿಸುವವರನ್ನೆಲ್ಲ ಕರೆದು ಕೂಡಿಸಿದರೂ, ತನ್ನನ್ನು ಬಿಟ್ಟು, ಐದು ಲಕ್ಷ ಮುಟ್ಟುವುದಿಲ್ಲ. ತಾನಿರುವುದು ಐದು ಕೋಟಿಯ ಮೇಲೆ. ಅಷ್ಟು ದೊಡ್ಡ ಮೈಗೆ ಅಷ್ಟೇ ನೆಂಟರು. ಸುಖಿ ಸಂಖ್ಯೆಯೂ ಅಲ್ಲ. ಅಂಕಿಗಳ ವರ್ಗಗಳನ್ನು ಕೂಡಿಸಿದರೆ ನೂರ ಮೂವತ್ತಾರು, ಅದರದ್ದು ಕೂಡಿಸಿದರೆ ನಲವತ್ತಾರು, ಆಮೇಲೆ ಐವತ್ತೆರಡು, ಇಪ್ಪತ್ತೊಂಬತ್ತು, ಎಂಬತ್ತೈದು, ಎಂಬತ್ತೊಂಬತ್ತು. ಹೀಗೆ ಇಳಿದು ಒಂದಕ್ಕೆ ಬಂದರೆ ಸುಖಿ. ಎಂಬತ್ತೊಂಬತ್ತಕ್ಕೆ ಬಂದ ಮೇಲೆ ಸುತ್ತಿ ಸುತ್ತಿ ಮತ್ತೆ ಎಂಬತ್ತೊಂಬತ್ತಕ್ಕೇ ಬರುತ್ತದೆ. ಬಿಡುಗಡೆಯಿಲ್ಲ. ಆ ಸುತ್ತನ್ನು ನಾನು ಮೂರು ಸಲ ಮಾಡಿ ನೋಡಿದೆ, ಎಲ್ಲಾದರೂ ಲೆಕ್ಕ ತಪ್ಪಿರಬಹುದು ಎಂದು.

ಮತ್ತೆ ಮುಖ್ಯವಾದದ್ದು. ನಮ್ಮದು ಬರೀ ದಡ್ಡತನವಲ್ಲ ಗುಂಡೂ. ಅದು ಸೋಗು ಹಾಕುವ ಜಾತಿಯ ನಂಬರು, ಮೇಷ್ಟ್ರು ಬೇಕೆಂದೇ ಆರಿಸಿ ಕೊಟ್ಟದ್ದು. ಅಂಥವು ಬಹಳ ವಿರಳ. ನನ್ನ ಶಾರ್ಟ್‌ಕಟ್ಟಿನಲ್ಲಿ ಎರಡನ್ನಿಟ್ಟು ಕೇಳು, ಮೂರನ್ನಿಟ್ಟು ಕೇಳು, ಸಾವಿರವನ್ನಿಟ್ಟು ಕೇಳು, 'ಒಂದು' ಎಂದೇ ಉತ್ತರ. ಹೊರಗಿನವರು ಯಾರು ಕೇಳಿದರೂ ತಾನು ಅವಿಭಾಜ್ಯವೆಂದೇ ಹೇಳುತ್ತದೆ. ಅದರ ಒಳಗಿನವರೇ, 211ರ ಮಗ್ಗಿಯವರೋ 421ರ ಮಗ್ಗಿಯವರೋ ಕೇಳಿದರೆ ಮಾತ್ರ ಸಿಕ್ಕಿಬೀಳುತ್ತದೆ.

ನಾನು ಹೇಗಿದ್ದೇನೆ ಎಂದು ಅಪ್ಪ ಫೋನಿನಲ್ಲಿ ಕೇಳಿದರು, ಚೆನ್ನಾಗಿದ್ದೀನಿ ಎಂದೆ. ವಾರ್ಡನ್ ಕೇಳಿದರು, ಚೆನ್ನಾಗಿದ್ದೀನಿ. ಮೆಸ್ಸಿನವನು ಕೇಳಿದ, ಅವನಿಗೂ ಅದೇ.

ನೀನು ಕೇಳುತ್ತಿಲ್ಲ.

ಕಡ್ಡಿ


ಲಾಂಡ್ರಿ
ಫೆಬ್ರವರಿ 8

ಕಡ್ಡಿಗೆ,

ಬರೆಯುತ್ತಿರುವುದು ಗುಂಡು ಅಲ್ಲ, ಅವಳ ಅಕ್ಕ. ನಿನ್ನ ಎರಡೂ ಪತ್ರ ಬಂದಿವೆ. ಅವಳು ಒಡೆದಿಲ್ಲ. ನಾನು ಒಡೆದು ಓದಿದೆ. ತಪ್ಪಾದರೆ ತಪ್ಪು, ನನಗೆ ಬೇರೆ ದಾರಿ ಇರಲಿಲ್ಲ.

ನನಗೆ ನಿನ್ನ ಹಾಗೆ ಉದ್ದ ಬರೆಯಲು ಬರುವುದಿಲ್ಲ. ಕೌಂಟರಿನಲ್ಲಿ ಜನ ನಿಂತಿದ್ದಾರೆ.

ಅವಳು ಬಂದಾಗಿನಿಂದ ಮಾತಿಲ್ಲ. ಉಣ್ಣು ಎಂದರೆ ಉಣ್ಣುತ್ತಾಳೆ, ಏಳು ಎಂದರೆ ಏಳುತ್ತಾಳೆ. ಇಸ್ತ್ರಿ ಮೇಜಿನ ಆಚೆ ಮೂಲೆಯಲ್ಲಿ ಕೂತು ಬಟ್ಟೆಗೆ ಚುಚ್ಚುವ ಚೀಟಿಗಳ ಹಿಂಭಾಗದಲ್ಲಿ ಭಾಗಾಕಾರ ಮಾಡುತ್ತಾಳೆ. ಅದೇ ನಿಮ್ಮ ದರಿದ್ರ ನಂಬರು. ಬೆಳಗಿನಿಂದ ಅಂಗಡಿ ಮುಚ್ಚುವ ತನಕ. ಮೊನ್ನೆ ಬ್ಯಾಂಕಿನವರ ಕೋಟಿನ ಜೊತೆ ಒಂದು ಚೀಟಿ ಹೋಗಿಬಿಟ್ಟಿದೆ. 'ಏನ್ರೀ ಇದು, ಒಂದು ಕೋಟು ಒಗೆಯೋಕೆ ಐದು ಕೋಟಿ ಬಿಲ್ಲಾ?' ಎಂದು ಬಂದರು. ಎಲ್ಲ ನಕ್ಕೆವು. ನಾನು ತಿರುಗಿ ನೋಡಿದೆ, ಅವಳು ನಗಲಿಲ್ಲ, ತಲೆ ಎತ್ತಲೂ ಇಲ್ಲ. ಅವತ್ತಿನಿಂದ ನನಗೆ ಭಯ.

ಉತ್ತರ ಸಿಕ್ಕಿದೆಯಂತಲ್ಲ, ನಿನ್ನ ಪತ್ರದಲ್ಲೇ ಇದೆ. ಮತ್ತೆ ಏನನ್ನು ಹುಡುಕುತ್ತಿದ್ದಾಳೆ ಇವಳು?

ಇನ್ನೊಂದು ವಿಷಯ. ಈ ಒಂದು ತಿಂಗಳಲ್ಲಿ ಅವಳು ತಾನಾಗಿ ಆಡಿದ್ದು ಒಂದೇ ಮಾತು. ನಾನು ತಲೆ ಬಾಚುವಾಗ, 'ಅಕ್ಕ, ಕಡ್ಡೀನೂ ನಕ್ಕಳು' ಎಂದಳು. ಏನದು? ನಿನ್ನ ಪತ್ರದಲ್ಲಿ ಹೃದಯ, ಬಾಣ, ಬೆಕ್ಕು ಎಲ್ಲ ಇದೆ, ಅದೊಂದು ಇಲ್ಲ.

ಸತ್ಯ ಹೇಳುವುದಾದರೆ ಬರೆ. ಇಲ್ಲದಿದ್ದರೆ ಈ ಕಡೆ ಪತ್ರ ಹಾಕಬೇಡ.

ಗುಂಡುವಿನ ಅಕ್ಕ


ಹಾಸ್ಟೆಲ್
ಫೆಬ್ರವರಿ 12

ಅಕ್ಕ,

ನೀವು ನನ್ನನ್ನು ಬರೀ ಕಡ್ಡಿ ಎಂದು ಕರೆದದ್ದು ಇದೇ ಮೊದಲು. 'ಕಡ್ಡಿ ಮರಿ' ಎನ್ನುತ್ತಿದ್ದಿರಿ. ಇರಲಿ.

ಹೌದು, ನಕ್ಕೆ. ಬೋರ್ಡಿನ ಮುಂದೆ ನಿಂತ ಮಾರನೇ ದಿನದಿಂದ ಅವಳಿಗೆ 'ಇನ್ನೂರ ಹನ್ನೊಂದು' ಎಂದೇ ಹೆಸರಾಯಿತು. 'ಏ ಇನ್ನೂರ ಹನ್ನೊಂದು, ನೀರಿನ ಜಗ್ಗು ಈ ಕಡೆ ಕೊಡೇ.' ಅವಳು ಕೊಡುತ್ತಿದ್ದಳು. ಒಂದು ದಿನ ಯಾರೋ ಅವಳ ತಟ್ಟೆಯ ಮೇಲೆ ಮಾರ್ಕರಿನಲ್ಲಿ 211 ಎಂದು ಬರೆದು, ಮೇಲೆ ಬ್ರೆಡ್ಡು ಮುಚ್ಚಿಟ್ಟಿದ್ದರು. ಅವಳು ಬ್ರೆಡ್ಡು ತಿಂದು ಮುಗಿಸಿದಾಗ ಅದು ಕಂಡಿತು. ಇಡೀ ಮೇಜು ನಕ್ಕಿತು. ನನಗೂ ನಗು ಬಂತು ಅಕ್ಕ. ಅವರು ನನ್ನನ್ನು ನೋಡಿ ನಗುತ್ತಿಲ್ಲವಲ್ಲ ಎಂಬ ನಗು ಅದು. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಅವಳು ನೋಡಿದ್ದಳು. ಎದ್ದು ತಟ್ಟೆ ತೊಳೆಯಲು ಹೋದಳು. ಎಷ್ಟು ಹೊತ್ತು ತೊಳೆದಳೆಂದರೆ ನಾನು ರೂಮಿಗೆ ಹೋಗಿ ಕಾದು ಕಾದು ಮತ್ತೆ ಕೆಳಗಿಳಿದು ಬಂದರೂ ನಲ್ಲಿಯ ಮುಂದೆಯೇ ಇದ್ದಳು. ಮಾರನೇ ಬೆಳಿಗ್ಗೆ ಬಸ್ಸು ಹತ್ತಿದಳು.

ಇದಕ್ಕೆ ಸಾರಿ ಎನ್ನುವ ಮಾತು ಸಾಲುವುದಿಲ್ಲ. ನಾನು ಪ್ರಯತ್ನ ಮಾಡಿ ನೋಡಿದೆ, ಹಾಳೆಯ ಮೇಲೆ ಬರೆದು ನೋಡಿದೆ, ಅದು ಬಹಳ ಚಿಕ್ಕದಾಗಿ ಕಾಣುತ್ತದೆ.

ಅವಳು ಏನು ಹುಡುಕುತ್ತಿದ್ದಾಳೆ ಎಂದು ಕೇಳಿದಿರಿ. ನನಗೆ ಅನ್ನಿಸುವುದನ್ನು ಹೇಳುತ್ತೇನೆ. ಒಂದು ನಂಬರು ಅವಿಭಾಜ್ಯ ಹೌದೋ ಅಲ್ಲವೋ ನೋಡಲು, ಅದರ ವರ್ಗಮೂಲದ ತನಕ ಇರುವ ಅವಿಭಾಜ್ಯಗಳಿಂದ ಭಾಗಿಸುತ್ತ ಹೋದರೆ ಸಾಕು. ನಮ್ಮ ನಂಬರಿಗೆ ಅದು ಏಳು ಸಾವಿರದ ನಾನೂರ ಎಂಬತ್ತಾರರ ತನಕ. ಅಷ್ಟರಲ್ಲಿ ಒಂದರಿಂದಲೂ ಹೋಗದಿದ್ದರೆ ಅವಿಭಾಜ್ಯ ಎಂದು ಸಹಿ ಹಾಕಬಹುದು. ಅವಳು ಹಾಗೇ ಕೊನೆಯ ತನಕ ಮಾಡಬೇಕೆಂದಿದ್ದಳು. ನಾನು ನೂರ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿದೆ. ಈಗ ಅವಳು ಅಲ್ಲಿಂದ ಮುಂದುವರಿಸುತ್ತಿದ್ದಾಳೆ ಎಂದು ಕಾಣುತ್ತದೆ. ಉತ್ತರ ಬೇಕಾಗಿ ಅಲ್ಲ.

ದಯವಿಟ್ಟು ಒಂದು ಉಪಕಾರ ಮಾಡಿ. ಎಷ್ಟನೇ ನಂಬರಿಗೆ ಬಂದಿದ್ದಾಳೆ ನೋಡಿ ತಿಳಿಸಿ. ಮತ್ತೆ ಇನ್ನೂರ ಹನ್ನೊಂದರ ಚೀಟಿಯಲ್ಲಿ ಏನು ಬರೆದಿದ್ದಾಳೆ ನೋಡಿ.

ಮಾರ್ಚ್ ಮೊದಲ ಸೋಮವಾರದ ವಿಷಯ ಅವಳಿಗೆ ಹೇಳಿದ್ದೀರಾ? ಅವಳು ಬಂದು ಸುಮ್ಮನೆ ನನ್ನ ಪಕ್ಕ ನಿಂತರೂ ಸಾಕು. ಮಾತೆಲ್ಲ ನಾನೇ ಆಡುತ್ತೇನೆ.

ಅಂಕಲ್‌ಗೆ ನನ್ನ ನಮಸ್ಕಾರ ತಿಳಿಸಿ. ತಿಳಿಸಬಾರದು ಎನ್ನಿಸಿದರೆ ಬೇಡ.

ನಿಮ್ಮ
ಕಡ್ಡಿ


ಲಾಂಡ್ರಿ
ಫೆಬ್ರವರಿ 25

ಕಡ್ಡಿ,

ನಿನ್ನ ಪತ್ರ ಓದಿ ನಿನಗೆ ನಾಲ್ಕು ಬಾರಿಸಬೇಕೆನಿಸಿತು. ಆಮೇಲೆ, ಕೇಳಿದ್ದಕ್ಕೆ ಸತ್ಯ ಹೇಳಿದ್ದಾಳಲ್ಲ ಎಂದು ಸುಮ್ಮನಾದೆ. ಬಾರಿಸುವುದು ಬಾಕಿ ಇದೆ.

ಸೋಮವಾರದ ವಿಷಯ ಹೇಳಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಡಾಕ್ಟರಿಗೆ ತೋರಿಸಿದೆವು. ಅವರು ಎರಡು ಥರದ ಮಾತ್ರೆ ಕೊಟ್ಟು, 'ಒತ್ತಾಯ ಮಾಡಬೇಡಿ, ಒಬ್ಬಳನ್ನೇ ಬಿಡಬೇಡಿ' ಎಂದರು. ಒಬ್ಬಳನ್ನೇ ಬಿಡಬೇಡಿ ಎಂದದ್ದನ್ನು ಅಪ್ಪ ದಾರಿಯುದ್ದಕ್ಕೂ ಬಾಯಲ್ಲಿ ಹೇಳಿಕೊಳ್ಳುತ್ತ ಬಂದರು. ಈಗ ಅವಳು ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಟವೆಲ್ ಹಿಡಿದು ನಿಲ್ಲುತ್ತಾರೆ.

ಅಪ್ಪ ಒಂದು ದಿನ ಪೆನ್ನು ಕಿತ್ತಿಟ್ಟರು. 'ಸಾಕು ಮಗಳೇ, ನಿಲ್ಸು' ಎಂದರು. ಅವಳು ಜಗಳವಾಡಲಿಲ್ಲ. ಗೋಡೆ ಕಡೆ ತಿರುಗಿ ಬಾಯಲ್ಲೇ ಮಾಡತೊಡಗಿದಳು. ತುಟಿ ಅಲ್ಲಾಡುತ್ತಿತ್ತು, ಬೆರಳು ಮಡಚುತ್ತಿತ್ತು, ಹಣೆಯಿಂದ ಬೆವರು. ಅದನ್ನು ನೋಡಲಾರದೆ ಅಪ್ಪನೇ ಪೆನ್ನು ವಾಪಸು ಕೊಟ್ಟು, ಆಚೆ ಹೋಗಿ ಒಗೆದ ಬಟ್ಟೆಯನ್ನೇ ಮತ್ತೆ ಒಗೆದರು.

ನೀನು ಕೇಳಿದ್ದನ್ನು ನೋಡಿದೆ. ಚೀಟಿಗಳನ್ನು ಕ್ರಮವಾಗಿ ದಾರಕ್ಕೆ ಪೋಣಿಸಿದ್ದಾಳೆ. ನನಗೆ ಅರ್ಥವಾಗುವುದಿಲ್ಲ, ಆದರೆ ಪ್ರತಿಯೊಂದರ ತುದಿಗೂ ಶೇಷ ಎಂದು ಬರೆದು ಗೀಟು ಹಾಕಿದ್ದಾಳೆ. ನಿನ್ನೆಗೆ ಎರಡು ಸಾವಿರ ದಾಟಿತ್ತು. 421 ಮತ್ತು 631 ಎಂದಿರುವ ಚೀಟಿಗಳಲ್ಲಿ ಶೇಷ ಸೊನ್ನೆ. ಸೊನ್ನೆ ಬಂದರೂ ನಿಲ್ಲಿಸಿಲ್ಲ, ಮುಂದಿನದಕ್ಕೆ ಹೋಗಿದ್ದಾಳೆ. 211ರ ಚೀಟಿ ಇದೆ. ತಲೆಯಲ್ಲಿ 211 ಎಂದು ಬರೆದಿದೆ. ಕೆಳಗೆ ಏನೂ ಇಲ್ಲ. ಖಾಲಿ.

ಈಗ ನೀನೇ ಹೇಳು. ಏಳು ಸಾವಿರದ ಚಿಲ್ಲರೆಗೆ ಇದು ಮುಗಿಯುತ್ತದೆ ಎಂದು ನೀನು ಬರೆದದ್ದನ್ನು ಓದಿದಾಗ ಮೊದಲು ಖುಷಿಯಾಯಿತು, ಒಂದು ಕೊನೆ ಅಂತ ಇದೆಯಲ್ಲ ಎಂದು. ಆಮೇಲೆ ಬಟ್ಟೆ ಮಡಿಸುವಾಗ ಕೈ ನಿಂತುಹೋಯಿತು. ಮುಗಿದ ಮೇಲೆ ಏನು ಮಾಡುತ್ತಾಳೆ? ಕೊನೇ ಚೀಟಿ ಪೋಣಿಸಿ, ಪೆನ್ನಿಗೆ ಕ್ಯಾಪು ಹಾಕಿ, ಆಮೇಲೆ? ಅಪ್ಪನಿಗೆ ಇದನ್ನು ಹೇಳಿಲ್ಲ. ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ನೀನು ಓದಿದವಳು. ಏನಾದರೂ ಮಾಡು. ಅವಳನ್ನು ನಿಲ್ಲಿಸು.

ಅಕ್ಕ


ಹಾಸ್ಟೆಲ್
ಮಾರ್ಚ್ 8

ಗುಂಡೂ,

ಈ ಪತ್ರವನ್ನೂ ಅಕ್ಕನೇ ಒಡೆಯುತ್ತಾರೆ ಎಂದು ಗೊತ್ತು. ಅಕ್ಕ, ನೀವು ಓದಿ ಮುಗಿಸಿ ಇದನ್ನು ಅವಳ ಚೀಟಿಗಳ ದಾರಕ್ಕೆ ಪೋಣಿಸಿಬಿಡಿ. ಅಲ್ಲಿ ಇದ್ದರೆ ಅವಳು ನೋಡುತ್ತಾಳೆ.

ಸೋಮವಾರ ಕಳೆಯಿತು. ನೀನು ಬರಬಹುದೆಂದು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಿದ್ದೆ. ಬೆಳಗಿನ ಬಸ್ಸು ಬಂತು, ಅದರ ನಂತರದ್ದೂ ಬಂತು. ಒಬ್ಬಳು ನಿನ್ನ ಹಾಗೇ ಗುಂಡಗೆ ಇಳಿದಳು. ಓಡಿಹೋಗಿ ಕೈ ಹಿಡಿದೆ. ಯಾರದೋ ತಾಯಿ ಅವರು. 'ಏನಮ್ಮ, ಮೈ ಹುಷಾರಿಲ್ವಾ?' ಎಂದು ಕೇಳಿದರು. ಚೆನ್ನಾಗಿದ್ದೀನಿ ಎನ್ನಲು ಬಾಯಿ ತೆರೆದೆ, ಬೇರೇನೋ ಬಂತು. ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ, ಅಳು ನಿಲ್ಲುವ ತನಕ ತಮ್ಮ ಬ್ಯಾಗು ಕಾಯಲು ಕೊಟ್ಟು ಪಕ್ಕದಲ್ಲೇ ಕೂತಿದ್ದರು.

ಆಮೇಲೆ ಕ್ಲಾಸಿಗೆ ಹೋದೆ.

'ಜೋಡಿ ಎಲ್ಲಿ?' ಎಂದರು ಮೇಷ್ಟ್ರು.

'ಬಂದಿಲ್ಲ ಸರ್.'

'ಒಬ್ಬಳಿಗೆ ಬೋರ್ಡಿಲ್ಲ ಅಂದಿದ್ದೆ.'

'ಬೋರ್ಡು ಬೇಡ ಸರ್. ನಿಂತ್ಕೊಳ್ತೀನಿ, ಅಷ್ಟೇ.'

ನಿಂತೆ. ಕೈಕಾಲು ನಡುಗಿದರೆ ನಡುಗಲಿ ಎಂದು ಬಿಟ್ಟೆ. ಶಾರ್ಟ್‌ಕಟ್ ತಂದದ್ದು ನಾನು ಎಂದೆ. ನೂರ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿದ್ದು ನಾನು, ಇನ್ನೊಂದು ಮಾಡ್ತೀನಿ ಎಂದದ್ದು ಅವಳು ಎಂದೆ. ತಟ್ಟೆ ನೋಡಿ ನಕ್ಕವರಲ್ಲಿ ನಾನೂ ಒಬ್ಬಳು ಎಂದೆ. ಯಾರೂ ನಗಲಿಲ್ಲ. ಲಂಬು ಬೆಂಚಿನ ಕೆಳಗೆ ಏನೋ ಬಿದ್ದ ಹಾಗೆ ಬಗ್ಗಿದವನು ಏಳಲೇ ಇಲ್ಲ.

'ನಂಬರಿನ ವಿಷಯ ಹೇಳು ಅಂದ್ರೆ ಮನೆ ವಿಷಯ ಹೇಳ್ತಿದ್ದೀಯಲ್ಲಮ್ಮ' ಎಂದರು ಮೇಷ್ಟ್ರು. ಬೈಗುಳದ ಹಾಗೆ ಕೇಳಿಸಲಿಲ್ಲ. ಆದರೆ ನಿಯಮ ನಿಯಮವೇ. ನನ್ನ ವರ್ಷ ಹೋಯಿತು. ನಿನ್ನದಕ್ಕೆ ಡಾಕ್ಟರ ಚೀಟಿ ಕಳಿಸಿದರೆ ನೋಡೋಣ ಎಂದಿದ್ದಾರೆ, ಅಕ್ಕನಿಗೆ ಬೇರೆ ಹಾಳೆಯಲ್ಲಿ ವಿವರ ಬರೆದಿದ್ದೇನೆ. ಹಾಸ್ಟೆಲಿನಲ್ಲಿ ತಿಂಗಳ ಕೊನೆಯ ತನಕ ಇರಬಹುದಂತೆ. ಆಮೇಲೆ ಎಲ್ಲಿ ಎಂದು ಗೊತ್ತಿಲ್ಲ. ಅದನ್ನು ಹೇಳಿ ನಿನ್ನ ಮರುಕ ಕೇಳುತ್ತಿಲ್ಲ. ಕೇಳಲು ಬಂದದ್ದು ಬೇರೆ.

ನಿನ್ನನ್ನು ನಿಲ್ಲಿಸು ಎಂದು ಅಕ್ಕ ಬರೆದಿದ್ದಾರೆ. ನಾನು ನಿಲ್ಲಿಸುವುದಿಲ್ಲ. ಒಂದು ಸಲ ನಿನ್ನನ್ನು ನಿಲ್ಲಿಸಿ ನೋಡಿದ್ದೇನೆ.

ನಾನೂ ಭಾಗಿಸುತ್ತಿದ್ದೇನೆ ಗುಂಡೂ. ಸೋಮವಾರ ಮಧ್ಯಾಹ್ನದಿಂದ. ನೀನು ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದೀಯಲ್ಲ, ನಾನು ಮೇಲಿನಿಂದ ಕೆಳಕ್ಕೆ ಬರುತ್ತಿದ್ದೇನೆ. ನಮಗೆ ಬೇಕಾದ ಕಟ್ಟಕಡೆಯ ಅವಿಭಾಜ್ಯ 7481. ಅದರಿಂದ ಭಾಗಿಸಿದರೆ 7492 ಸಲ ಹೋಗಿ 4709 ಉಳಿಯುತ್ತದೆ. ಅದರ ಕೆಳಗಿನದು 7477. ಅದಕ್ಕೆ ಉಳಿಯುವುದು 4769. ಆಮೇಲೆ 7459, ಶೇಷ 5435. ಒಂದೊಂದನ್ನೂ ಎರಡು ಸಲ ತಾಳೆ ನೋಡಿದ್ದೇನೆ, ನೀನು ನೋಡುವ ಹಾಗೆ. ನನ್ನ ಕೈ ನಿನ್ನಷ್ಟು ನಿಧಾನವಲ್ಲ, ಅದಕ್ಕೇ ತಪ್ಪುತ್ತದೆ, ಮತ್ತೆ ಮಾಡುತ್ತೇನೆ. ಬಾಟನಿಯವಳು ಬಾಗಿಲಲ್ಲಿ ನಿಂತು, 'ಉತ್ತರ ಗೊತ್ತಿರೋ ಲೆಕ್ಕಾನ ಯಾಕೇ ಮಾಡ್ತೀಯ?' ಎಂದಳು. ನನ್ನ ಗೆಳತಿ ಮಾಡ್ತಿದ್ದಾಳೆ ಎಂದೆ. ಬೇರೆ ಕಾರಣ ನನಗೂ ತೋಚಲಿಲ್ಲ.

ಕೊನೆಯದು ನಿನ್ನ ಪಾಲಿಗೆ ಉಳಿದಿಲ್ಲ, ಅದನ್ನು ನಾನು ಆಗಲೇ ಮಾಡಿಬಿಟ್ಟೆ. ಆ ತುದಿಗೆ ನೀನು ಒಬ್ಬಳೇ ಹೋಗಿ ನಿಲ್ಲಬೇಕಾಗಿಲ್ಲ. ಇನ್ನು ಮುಗಿಯುವುದಿದ್ದರೆ ಎಲ್ಲೋ ನಡುವೆ ಮುಗಿಯುತ್ತದೆ. ನಿನ್ನದೊಂದು ಚೀಟಿ, ಅದರ ಪಕ್ಕದ್ದು ನನ್ನದು. ಆವತ್ತಿಗೆ ನಾನು ನಿಮ್ಮ ಅಂಗಡಿಯ ಮೂಲೆಯಲ್ಲೇ ಕೂತು ಮಾಡುತ್ತಿರಬೇಕು ಎಂದು ಆಸೆ. ಬರಬಾರದು ಎಂದರೆ ಅಂಗಡಿಯ ಹೊರಗಿನ ಮೆಟ್ಟಿಲ ಮೇಲೆ ಕೂತು ಮಾಡುತ್ತೇನೆ. ಅಕ್ಕ ನನಗೆ ಬಾರಿಸುವುದು ಹೇಗೂ ಬಾಕಿ ಇದೆ.

ಇನ್ನೂರ ಹನ್ನೊಂದರ ಚೀಟಿಯನ್ನು ನೀನು ಖಾಲಿ ಬಿಟ್ಟಿದ್ದೀಯಂತೆ. ಅದನ್ನು ನೀನು ಮುಟ್ಟಬೇಡ. ಆ ಭಾಗಾಕಾರ ನಾನು ಮಾಡಬೇಕಾದದ್ದು. ಮಾಡಿ ಇದರ ಜೊತೆ ಇಟ್ಟಿದ್ದೇನೆ, ಬಿಡಿಸಿ ಬಿಡಿಸಿ, ಒಂದು ಮೆಟ್ಟಿಲೂ ಹಾರಿಸದೆ. 2,65,651 ಸಲ ಹೋಗುತ್ತದೆ. ಶೇಷ ಸೊನ್ನೆ. ಕೆಳಗೆ ನನ್ನ ಸಹಿ ಇದೆ.

ಈಗ ನನಗೆ ಬೇಕಾದದ್ದು ಒಂದೇ. ನಾವಿಬ್ಬರೂ ಒಂದೇ ನಂಬರನ್ನು ಎರಡು ಸಲ ಮಾಡಬಾರದು, ಒಂದನ್ನೂ ಬಿಡಬಾರದು. ಕ್ಷಮಿಸಿದೆ ಎಂದು ಬರೆಯಬೇಡ, ಹೇಗಿದ್ದೀಯ ಎಂದೂ ಕೇಳಬೇಡ. ಎಷ್ಟರ ತನಕ ಬಂದಿದ್ದೀಯ, ಆ ಅಂಕಿಯನ್ನು ನಿನ್ನ ಕೈಯಲ್ಲೇ ಒಂದು ಚೀಟಿಯ ಹಿಂದೆ ಬರೆದು ಕಳಿಸು.

ಬೇಗ ಬರೆ ಗುಂಡೂ. ಸಾಧ್ಯವಾದರೆ ನಾಳೆಯೇ.

ಕಡ್ಡಿ